ಹೊಸ್ತಿಲಿಂದ

ಫಕೀರಪ್ಪ ಬಂದದ್ದು ಒಂದು ಭಾನುವಾರ, ಉಣ್ಣುವ ಹೊತ್ತಿಗೆ ಸರಿಯಾಗಿ. ಕದ ತೆರೆದೇ ಇತ್ತು. ಅವನು ಚೌಕಟ್ಟಿನ ಮೇಲೆ ಎರಡು ಬೆರಳಿನಿಂದ ಬಡಿದು, "ಹಲೋ, ಹಲೋ" ಅಂದ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಶಿವಲಿಂಗವ್ವನ ಕೈ ನಿಂತಿತು. ಮಗ ರುದ್ರೇಶ ಹೋದ ಮೇಲೆ ಆ ಚೌಕಟ್ಟನ್ನು ಯಾರೂ ಹಾಗೆ ಬಡಿದಿರಲಿಲ್ಲ. ರುದ್ರೇಶ ಮದುವೆ ಮುಂಜಿಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದವನು. ಮೈಕು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಧಾಟಿಯಲ್ಲೇ ಮನೆಗೆ ಬರುತ್ತಿದ್ದ. ಕೊನೆಗೆ ಯಾರದೋ ಮದುವೆಯ ಹಂದರದಲ್ಲಿ ಕರೆಂಟ್ ಹೊಡೆದು ಸತ್ತ.

ಸೊಸೆ ಕಸ್ತೂರಿ ಎದ್ದು ಬಂದು ನೋಡಿದಳು. ನಿಂತಿದ್ದವನು ಸ್ಟೇಷನ್ ರಸ್ತೆಯ ದರ್ಜಿ. ಹೋದ ಚಳಿಗಾಲದಲ್ಲಿ ಆಸ್ಪತ್ರೆಗೆ ಬಂದಿದ್ದ. ಆಗ ಅವನಿಗೆ ಜೊತೆಗಾರ್ತಿಯಾಗಿ ಕೂತವಳು ಇವಳೇ. ಆದರೆ ಜೊತೆಗಾರರು ತಮ್ಮ ಮನೆಯ ಗುರುತು ಯಾರಿಗೂ ಹೇಳುವಂತಿಲ್ಲ, ಅವಳು ಹೇಳಿರಲೂ ಇಲ್ಲ.

"ನಮ್ಮ ಮನಿ ಹೆಂಗ ಗೊತ್ತಾತು ನಿಮಗ?"

"ನಾನೂ ಅದನ್ನ ವಿಚಾರ ಮಾಡಾಕತ್ತೀನ್ರಿ ಅಕ್ಕಾರ," ಫಕೀರಪ್ಪ ತಲೆ ಕೆರೆದುಕೊಂಡ. "ಗುಂಡಿ ತರಾಕಂತ ಪ್ಯಾಟಿಗೆ ಹೊಂಟಿದ್ದೆ. ಕಾಲು ಈ ಕಡಿ ತಿರುಗಿದ್ವು. ತಪ್ಪು ತಿಳಕೋಬ್ಯಾಡ್ರಿ, ಹೋಗ್ತೀನಿ."

"ಬಿಸಿಲಾಗ ಬಂದಾನ, ಒಳಗ ಕರಿ," ಒಳಗಿನಿಂದ ಶಿವಲಿಂಗವ್ವ ಕೂಗಿದಳು.

ಫಕೀರಪ್ಪ ಗಿಡ್ಡ ಆಳು. ನಡುಮನೆಯ ಬಾಗಿಲು ಅವನ ತಲೆಗಿಂತ ಒಂದು ಮೊಳ ಎತ್ತರ. ಆದರೂ ಅವನು ತಲೆ ತಗ್ಗಿಸಿ, ಹೆಗಲು ವಾರೆ ಮಾಡಿ ಒಳಗೆ ಬಂದ. ಊಟಕ್ಕೆ ಕೂತವನು ಮೊದಲು ರೊಟ್ಟಿಯ ಅಂಚನ್ನು ಸುತ್ತಲೂ ಮುರಿದು, ತಟ್ಟೆಯ ಬದಿಗೆ ಇಟ್ಟುಕೊಂಡ. ನಡುವಿನ ಮೆತ್ತನೆಯದನ್ನೆಲ್ಲ ಪಲ್ಯದ ಜೊತೆ ತಿಂದು, ಕಡೆಗೆ ಆ ಗರಿಗರಿ ಅಂಚನ್ನು ಒಂದೊಂದಾಗಿ ಕಡಿದ. ಶಿವಲಿಂಗವ್ವ ಬೀಸಣಿಗೆ ಹಿಡಿದು ಎದುರಿಗೇ ಕೂತಿದ್ದಳು, ಬೀಸುವುದು ಮರೆತಿದ್ದಳು.

ಅವನು ಹೋದ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾಕ್ರಿ ಅತ್ತಿ, ಏನಾತು?"

"ಅಂಚು ನೋಡಿದ್ಯಲ್ಲಾ?"

"ಯಾವ ಅಂಚು?"

ಶಿವಲಿಂಗವ್ವ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. "ರುದ್ರ್ಯಾಗ ಅಷ್ಟು ವರ್ಷ ರೊಟ್ಟಿ ನೀಡಿದಾಕಿ ನೀನು. ಯಾವ ಅಂಚು ಅಂತೀಯಲ್ಲ."

ಕಸ್ತೂರಿ ನೆನಪು ಮಾಡಿಕೊಳ್ಳಲು ನೋಡಿದಳು. ತಟ್ಟೆ ಕಂಡಿತು. ಪಲ್ಯ ಕಂಡಿತು. ತಟ್ಟೆಯ ಆಚೆ ಕೂತವನಿರಬೇಕಾದ ಕಡೆ ಗೋಡೆಯಷ್ಟೇ ಕಂಡಿತು.

*

ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಜೊತೆಗಾರರನ್ನು ಸರಕಾರವೇ ನೇಮಿಸಿತ್ತು. ಬೇನೆ ಬಿದ್ದು ಎದ್ದವರು ಮಾತ್ರ ಆ ಕೆಲಸಕ್ಕೆ ಯೋಗ್ಯರು. ಅವರು ಬಿಳಿ ಕೋಟು ಹಾಕುವುದಿಲ್ಲ. ರೋಗಿಯ ಮಂಚದ ಮೇಲೆ, ಅವರ ಮಗ್ಗುಲಲ್ಲೇ ಕೂರುತ್ತಾರೆ. ಹೀಗೆ ಮಾಡು ಎಂದು ಉಪದೇಶ ಮಾಡುವುದಿಲ್ಲ. ನನಗೆ ಹೀಗಾಗಿತ್ತು ಎಂದಷ್ಟೇ ಹೇಳುತ್ತಾರೆ. ಮೊದಮೊದಲು ಬಾಯಿಂದ ಹೇಳುತ್ತಿದ್ದರು. ಜೋಡಿಪಟ್ಟಿ ಬಂದ ಮೇಲೆ ಬಾಯಿಯ ಕೆಲಸ ಕಡಿಮೆಯಾಯಿತು.

ಪಟ್ಟಿ ನೋಡಲು ತಲೆನೋವಿಗೆ ಕಟ್ಟಿಕೊಳ್ಳುವ ಬಟ್ಟೆಯಷ್ಟೇ ಅಗಲ. ಒಂದು ಜೊತೆಗಾರರ ಹಣೆಗೆ, ಇನ್ನೊಂದು ರೋಗಿಯ ಹಣೆಗೆ. ಜೊತೆಗಾರರು ಕಣ್ಣು ಮುಚ್ಚಿ ತಾವು ಚೇತರಿಸಿಕೊಂಡ ಗಳಿಗೆಯನ್ನು ನೆನೆಯಬೇಕು. ಆ ಗಳಿಗೆಗೆ ಅಲ್ಲಿ 'ತಿರುವು' ಎಂದು ಹೆಸರು. ನೆನೆಯುವಾಗ ಮಿದುಳಿನಲ್ಲಿ ಏಳುವ ಅಲೆಯನ್ನು ಪಟ್ಟಿ ಹಿಡಿದು ರೋಗಿಯ ಮಿದುಳಿನಲ್ಲಿ ಎಬ್ಬಿಸುತ್ತದೆ. ಕತ್ತಲ ಕೋಣೆಯಲ್ಲಿ ಬಾಗಿಲು ಹುಡುಕುತ್ತಿದ್ದವರ ಕೈಯನ್ನು ಹಿಡಿದು ಚಿಲಕದ ಮೇಲೆ ಇಟ್ಟ ಹಾಗೆ. ತೆರೆಯುವುದು ಅವರ ಪಾಲು.

ಕಸ್ತೂರಿಯ ತಿರುವು ಸಣ್ಣದು. ಗಂಡ ಸತ್ತ ಮೇಲೆ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಉಣ್ಣದೆ, ಮಾತಾಡದೆ. ಮಳೆಗಾಲ ಹೋಗಿ ಚಳಿಗಾಲ ಬಂದಿತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನಿನ ಸದ್ದು ನಿಂತಾಗ, ಓಣಿಯ ನಳ ಯಾರೂ ಇಲ್ಲದೆ ಸುರಿಯುತ್ತಿರುವುದು ಕೇಳಿಸಿತು. ವಾರಕ್ಕೊಮ್ಮೆ ನೀರು ಬಿಡುವ ಊರದು. ನೀರು ಹಾಳಾಗುತ್ತಿದೆ ಎಂದು ಎದ್ದು ಹೋಗಿ ನಳ ನಿಲ್ಲಿಸಿದಳು. ಎದ್ದೆನಲ್ಲ ಎಂದು ಆಮೇಲೆ ತಿಳಿಯಿತು.

ಸೋಮವಾರ ಅವಳು ಡಾಕ್ಟರ್ ಶಾಲ್ಮಲಾ ದೇಸಾಯಿಯವರ ಎದುರು ಕೂತು ಫಕೀರಪ್ಪನ ಊಟದ ವಿಷಯ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಕಸ್ತೂರಿ, ಪಟ್ಟಿ ಕಟ್ಟಿಕೊಂಡಾಗ ನೀವು ಎಲ್ಲಿಂದ ಶುರು ಮಾಡ್ತೀರಿ?"

"ಹೊಸ್ತಿಲಿಂದ್ರಿ."

"ಹಂಗಂದ್ರ?"

"ಅವರು ಜೀವಂತ ಇದ್ದಾಗಿಂದ. ಮನಿಗೆ ಬರೂದು, ಉಣ್ಣೂದು, ಬೈಯೂದು, ನಗೂದು. ಆಮ್ಯಾಲೆ ಹೋದದ್ದು. ಆಮ್ಯಾಲೆ ಗ್ವಾಡಿ. ಕಡೀಕ ನಳ."

"ತಿರುವಿನಿಂದಷ್ಟೇ ಶುರು ಮಾಡ್ರಿ ಅಂತ ತರಬೇತಿಯೊಳಗ ಹೇಳಿದ್ದೆವಲ್ಲ!"

ಬಾಗಿಲ ಬಳಿ ಹುಸೇನಬಿ ನಿಂತಿದ್ದಳು. ವಿಭಾಗದ ಹಿರಿಯ ಜೊತೆಗಾರ್ತಿ. ಒಂದು ಕಾಲಕ್ಕೆ ಯಾರೂ ಇಲ್ಲದ ಕಡೆಯಿಂದ ದನಿ ಕೇಳಿ ಊರೂರು ಅಲೆದವಳು. "ಆಕಿಗೆ ಬೈಬ್ಯಾಡ್ರಿ ಮೇಡಂ. ನಾನ ಕಲಿಸಿದ್ದು. ಇಲ್ಲಿ ಎಲ್ಲಾರೂ ಹೊಸ್ತಿಲಿಂದನ ನಡೀತೀವಿ."

"ಯಾಕ?"

"ಬ್ಯಾನಿ ಬಿದ್ದವರಿಗೆ ವಾಸನಿ ಗೊತ್ತಾಗತೈತ್ರಿ. ನಡುವಿನಿಂದ ಶುರು ಮಾಡಿದ್ರ, ಇಕಿ ಡಾಕ್ಟರ್ ಕಡೀ ಮಂದಿ ಅಂತ ಮುಖ ತಿರುಗಿಸ್ತಾರ. ಎಷ್ಟು ಎತ್ತರದಿಂದ ಬಿದ್ದಿ ಅಂತ ತೋರಿಸದ, ಎದ್ದೆ ಅಂದ್ರ ಯಾರು ನಂಬ್ತಾರ?"

ತಮ್ಮ ವಿಭಾಗದಲ್ಲಿ ಗುಣವಾದವರ ಪ್ರಮಾಣ ಉಳಿದೆಡೆಗಿಂತ ಯಾಕೆ ಹೆಚ್ಚು ಎಂದು ಡಾಕ್ಟರು ಬಹಳ ದಿನದಿಂದ ತಲೆ ಕೆಡಿಸಿಕೊಂಡಿದ್ದರು.

"ನೆನಪು ಅನ್ನೂದು ಒಣಗಿದ ಮಣ್ಣು ಇದ್ದಂಗ," ಕಡೆಗೆ ಅವರು ಹೇಳಿದರು. "ನೆನಸಿದಾಗೆಲ್ಲ ಮೆತ್ತಗಾಗ್ತದ. ಬಿಟ್ಟ ಮ್ಯಾಲೆ ಮತ್ತ ಗಟ್ಟಿ ಆಗ್ತದ. ಎಲ್ಲಾರಿಗೂ ಹಂಗ. ಪಟ್ಟಿ ಕಟ್ಟಿಕೊಂಡಾಗ ಮೆತ್ತಗಾದದ್ದು ಎರಡೂ ಕಡಿ ಹಂಚಿಹೋಗ್ತದ. ತಿರುವು ಸವೆಯೂದಿಲ್ಲ, ಅದು ಮೈ ಕಲಿತ ನೆನಪು, ಸೈಕಲ್ ಹೊಡೆಯೂದು ಮೈ ಕಲಿತಂಗ. ಆದರ ಮನುಷ್ಯರ ನೆನಪು ಕೊಟ್ಟಷ್ಟೂ ಸವೀತದ."

ಹೊರಗೆ ಬಂದ ಮೇಲೆ ಕಸ್ತೂರಿ ಹುಸೇನಬಿಯನ್ನು ಕೇಳಿದಳು. "ಆಪಾ, ನಿಮಗ ಮೊದಲ ಗೊತ್ತಿತ್ತೇನು?"

"ಅರ್ಧ ಗೊತ್ತಿತ್ತು. ನನ್ನ ತಲಿಯೊಳಗಿನ ದನಿ ಎಲ್ಲಾ ಹೋದ್ವು, ಪೀಡಾ ಹೋತು ಅಂದೆ. ಅವುಗಳ ಸಂಗಾಟ ನಮ್ಮವ್ವನ ದನಿನೂ ಹೋತು." ಹುಸೇನಬಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. "ಸಂತಿಯೊಳಗ ಬದನಿಕಾಯಿ ಮಾರಾಕಿ ಇದ್ದಾಳಲ್ಲ, ನನ್ನ ಕಡೆ ಬಂದಿದ್ಲು ಒಂದು ಸಲ. ಈಗ ಆಕಿ ಗಿರಾಕಿಗೆ ಬೈದ್ರ ನಮ್ಮವ್ವ ಬೈದಂಗ ಕೇಳತೈತಿ ಅಂತ ನಮ್ಮ ತಮ್ಮ ಹೇಳಿದ. ನನಗ ಗುರುತು ಹತ್ತೂದಿಲ್ಲ. ಆದ್ರೂ ದಿನಾ ಹೋಗಿ ರೇಟಿಗೆ ಜಗಳ ತಗೀತೀನಿ. ಮನಿಯೊಳಗ ಬದನಿಕಾಯಿ ತಿಂದು ತಿಂದು ಹುಡುಗರಿಗೆ ತುರಿಕಿ ಬಂದೈತಿ."

ಇಬ್ಬರೂ ನಕ್ಕರು. ಹುಸೇನಬಿ ಮೊದಲು ನಿಲ್ಲಿಸಿದಳು.

*

ಫಕೀರಪ್ಪನ ಹಿಂದೆ, ಕಸ್ತೂರಿ ಜೊತೆಗಾರ್ತಿಯಾಗಿ ಕೂತಿದ್ದ ಉಳಿದ ರೋಗಿಗಳೂ ಬಂದರು. ಒಬ್ಬ ಆಟೋದವನು, ಒಬ್ಬಳು ಕಾಲೇಜು ಹುಡುಗಿ, ಬ್ಯಾಂಕಿನಿಂದ ನಿವೃತ್ತನಾದ ಒಬ್ಬ ಮುದುಕ. ಯಾರಿಗೂ ಯಾಕೆ ಬಂದೆವೆಂದು ಗೊತ್ತಿರಲಿಲ್ಲ. ಎಲ್ಲರೂ ಎರಡು ಬೆರಳಿನಿಂದ ಚೌಕಟ್ಟು ಬಡಿದರು. ಎಲ್ಲರೂ ತಲೆ ತಗ್ಗಿಸಿ ನಡುಮನೆಗೆ ಬಂದರು. ಕಾಲೇಜು ಹುಡುಗಿ ಕೇಳದೆಯೇ ಅಟ್ಟದ ಡಬ್ಬಿ ಇಳಿಸಿ ಅದರೊಳಗಿನ ಬೆಲ್ಲ ತಿಂದು, ಆಮೇಲೆ ನಾಚಿ ಅತ್ತುಬಿಟ್ಟಳು.

"ಅಳಬ್ಯಾಡ. ತಿನ್ನು ಮಗನ," ಅಂದಳು ಶಿವಲಿಂಗವ್ವ.

ಅವಳು ಈಗ ಹೆಚ್ಚು ಹಿಟ್ಟು ಕಲಸುತ್ತಿದ್ದಳು. ಮೊಣಕಾಲು ನೋವಿನ ಮಾತು ಬಿಟ್ಟಿದ್ದಳು. ಟ್ರಂಕು ತೆಗೆದು ಮಗನ ಅಂಗಿಗಳನ್ನು ಬಿಸಿಲಿಗೆ ಹಾಕಿದಳು. ಮರುವಾರ ಆಟೋದವನ ಮೈಮೇಲೆ ನೀಲಿ ಗೆರೆಯ ಅಂಗಿ ಇತ್ತು. ಕಸ್ತೂರಿ ಅದನ್ನು ಚೆಂದದ ಅಂಗಿ ಎಂದುಕೊಂಡಳು. ಅತ್ತೆ ಅವಳ ಮುಖ ನೋಡುತ್ತಿದ್ದದ್ದನ್ನು ಕಂಡ ಮೇಲೆ ಅದು ಯಾರದೆಂದು ಊಹಿಸಿದಳು.

"ನನ್ನ ಮಗನ್ನ ಇನ್ನೂ ನಾಕು ಮಂದಿಗೆ ಕೊಡು," ಡಾಕ್ಟರ ಮಾತನ್ನು ಸೊಸೆಯಿಂದ ಕೇಳಿ ತಿಳಿದಿದ್ದ ಶಿವಲಿಂಗವ್ವ ಒಂದು ದಿನ ಹೇಳಿದಳು. "ಪುಣ್ಯದ ಕೆಲಸ."

"ನನ್ನ ಹತ್ತಿರ ಏನೂ ಉಳಿಯೂದಿಲ್ರಿ ಅತ್ತಿ."

ಶಿವಲಿಂಗವ್ವ ಒಲೆಯ ಕಡೆ ತಿರುಗಿದಳು.

ಉಳಿದದ್ದು ಬಹಳ ಇರಲಿಲ್ಲ. ಹೆಗಲ ಮೇಲೆ ವೈರಿನ ಸುರುಳಿ ಹೊತ್ತು ಯಾರೋ ಸಂಜೆ ಅಂಗಳಕ್ಕೆ ಬರುತ್ತಾರೆ. ಮುಖವಿಲ್ಲ. ನಗುತ್ತಾರೆ. ಆ ನಗು ಇತ್ತು. ಕಸ್ತೂರಿ ಅದನ್ನು ನೆನೆಯಲೂ ಹೆದರಿದಳು. ಇನ್ನು ಮೇಲೆ ತಿರುವಿನಿಂದಷ್ಟೇ ಶುರು ಮಾಡುವುದೆಂದು ಗಟ್ಟಿ ಮಾಡಿಕೊಂಡಳು. ಮಾಡಿದಳು ಕೂಡ. ಕೆಲವರಿಗೆ ಗುಣವಾಯಿತು, ಕೆಲವರಿಗೆ ಆಗಲಿಲ್ಲ. ಯಾರೂ ಮನೆಯ ದಾರಿ ಹಿಡಿದು ಬರಲಿಲ್ಲ.

*

ಚಂದ್ರಕಲಾಳನ್ನು ತಂದಾಗ ಅವಳ ಮೈಯಲ್ಲಿ ಕಸುವಿರಲಿಲ್ಲ. ಗಂಡ ಕಬ್ಬಿನ ಲಾರಿಯ ಕೆಳಗೆ ಸಿಕ್ಕು ಸತ್ತಿದ್ದ. ಅಂದಿನಿಂದ ಅವಳು ಬಾಯಿಗೆ ನೀರು ಸಹ ಮುಟ್ಟಿಸಗೊಡುತ್ತಿರಲಿಲ್ಲ. ಮೂಗಿಗೆ ನಳಿಗೆ ಹಾಕಿದರೆ ಕಿತ್ತು ಎಸೆಯುತ್ತಿದ್ದಳು. ಸಲೈನ್ ಸೂಜಿಯನ್ನೂ ಹಾಗೆಯೇ.

"ಮೂತ್ರಪಿಂಡ ಕೈ ಬಿಡಾಕತ್ತಾವ," ಡಾಕ್ಟರು ಹೇಳಿದರು. "ಔಷಧಿ ಕೆಲಸ ಮಾಡಾಕ ವಾರಗಳು ಬೇಕು. ಆಕಿ ಹತ್ತಿರ ಅಷ್ಟು ವ್ಯಾಳ್ಯಾ ಇಲ್ಲ."

ಕಸ್ತೂರಿ ಮಂಚದ ಮೇಲೆ ಅವಳ ಮಗ್ಗುಲಲ್ಲಿ ಕೂತು ಪಟ್ಟಿ ಕಟ್ಟಿಕೊಂಡಳು. ಕಣ್ಣು ಮುಚ್ಚಿ ಫ್ಯಾನಿನ ಸದ್ದು ನಿಲ್ಲಿಸಿದಳು. ನಳದ ಸದ್ದು ಕೇಳಿಸಿದಳು. ಎದ್ದಳು. ನಿಲ್ಲಿಸಿದಳು.

ಚಂದ್ರಕಲಾ ಬಂದ ಮೇಲೆ ಮೊದಲ ಸಲ ಕಣ್ಣು ಬಿಟ್ಟಳು. ದನಿ ಒಣಗಿ ಹೋಗಿತ್ತು.

"ಸುಳ್ಳಿ," ಅಂದಳು. "ನಳ ಬಂದ್ ಮಾಡಾಕ ಯಾರರ ಏಳ್ತಾರೇನು? ಯಾರ ಸಲುವಾಗಿ ಮಲಗಿದ್ದಿ, ಅವನ್ನ ತೋರಸಲಿಲ್ಲ."

ಮತ್ತೆ ಗೋಡೆ ಕಡೆ ತಿರುಗಿದಳು.

ಹೊರಗಿನ ಬೆಂಚಿನ ಮೇಲೆ ಹುಸೇನಬಿ ಚಹಾ ಕುಡಿಯುತ್ತಿದ್ದಳು. ಕಸ್ತೂರಿ ಪಕ್ಕದಲ್ಲಿ ಕೂತಳು. "ಆಪಾ, ನೀವು ಹೋಗ್ರಿ ಆಕಿ ಕಡೆ."

"ಹೋಗಿದ್ದೆ. ನನ್ನ ಕತಿ ಆಕಿಗೆ ಹತ್ತೂದಿಲ್ಲ. ನನ್ನ ಗಂಡ ಗುಂಡಕಲ್ಲಿನಂಗ ಮನಿಯೊಳಗ ಕುಂತಾನ, ಸತ್ತಿಲ್ಲ ಕೆಟ್ಟಿಲ್ಲ."

"ನಾ ಏನ ಮಾಡ್ಲಿ?"

"ಅದನ್ನ ಹೇಳಾಕ ನನಗ ಸಂಬಳ ಕೊಡೂದಿಲ್ಲ." ಹುಸೇನಬಿ ತನ್ನ ಚಹಾವನ್ನು ಅರ್ಧ ಸಾಸರಿಗೆ ಸುರಿದು ಅವಳ ಕೈಗೆ ಕೊಟ್ಟಳು. "ನನಗ ಹೆಂಗಾಗಿತ್ತು ಅದನ್ನಷ್ಟ ಹೇಳ್ತೀನಿ. ಕಡೀ ಸಲ ನಮ್ಮವ್ವನ್ನ ಕೊಟ್ಟಾಗ, ಇಸಗೊಂಡ ಹುಡುಗಿ ಎದ್ದು ಕುಂತು ತಲಿ ಬಾಚಿಕೊಂಡ್ಲು. ನಾ ಮನಿಗೆ ಹೋಗಿ ಮುಂಜಾನಿತನಕ ಅತ್ತೆ. ಯಾಕ ಅಳಾಕತ್ತೀನಿ ಅಂತ ಮುಂಜಾನಿ ಗೊತ್ತಿರಲಿಲ್ಲ."

ಕಸ್ತೂರಿ ಚಹಾ ಕುಡಿದು ಒಳಗೆ ಹೋದಳು. ಡಾಕ್ಟರು ಬೇಡವೆನ್ನಲು ಬಾಯಿ ತೆರೆದರು, ಚಂದ್ರಕಲಾಳ ಕಡೆ ನೋಡಿ ಮುಚ್ಚಿದರು.

ಸಂಜೆ. ಅಂಗಳ. ವೈರಿನ ಸುರುಳಿ ಹೊತ್ತವರು ಬಂದರು. ಕಸ್ತೂರಿ ಹೊಸ್ತಿಲ ಮೇಲೆ ನಿಂತಳು. ಅವರು ನಕ್ಕರು. ಅವಳು ಆ ನಗುವನ್ನು ಅವಸರ ಮಾಡಲಿಲ್ಲ, ಮುಗಿಯುವ ತನಕ ಕೇಳಿದಳು. ಆಮೇಲೆ ಹಂದರ, ಗದ್ದಲ, ಯಾರೋ ಓಡಿಬಂದದ್ದು. ಗೋಡೆ. ಫ್ಯಾನು. ನೀರು.

ಕಣ್ಣು ಬಿಟ್ಟಾಗ ಚಂದ್ರಕಲಾ, ಚೇಳಿನ ಹಚ್ಚೆಯಿದ್ದ ಕೈಯಿಂದ ಅವಳ ಕೈ ಹಿಡಿದಿದ್ದಳು. ಜೋರಾಗಿ ಅಳುತ್ತಿದ್ದಳು, ಸಾವಿನ ಮನೆಯಲ್ಲಿ ಅಳಬೇಕಾದ ಹಾಗೆ. ಅತ್ತು ಮುಗಿದ ಮೇಲೆ ನೀರು ಕೇಳಿದಳು. ರಾತ್ರಿಯ ಹೊತ್ತಿಗೆ ಗಂಜಿ ಕುಡಿದಳು.

ಕಸ್ತೂರಿ ಬಸ್ಸಿನಲ್ಲಿ ಮನೆಗೆ ಬಂದಳು. ಮೈ ಹಗುರವಾಗಿತ್ತು. ನಡುಮನೆಯಲ್ಲಿ ಹಾರ ಹಾಕಿದ ಫೋಟೋ ಇತ್ತು. ಎತ್ತರದ, ದಪ್ಪ ಹುಬ್ಬಿನ ಗಂಡಸು. ಇದು ಅತ್ತೆಯ ಮಗ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ತನ್ನ ಗಂಡ ಎಂದೂ ಗೊತ್ತಿತ್ತು. ಶಾಲೆಯಲ್ಲಿ ಕಲಿತ ಯಾವುದೋ ರಾಜನ ಹೆಸರು ಗೊತ್ತಿರುವ ಹಾಗೆ.

*

ಅವಳಿಗೆ ದುಃಖವಾಗಲಿಲ್ಲ. ದುಃಖಪಡಲು ಯಾರೂ ಇರಲಿಲ್ಲ. ಕೆಲಸಕ್ಕೆ ಹೋದಳು, ಬಂದಳು. ಭಾನುವಾರ ಮನೆ ತುಂಬಿದಾಗ ಬಂದವರೆಲ್ಲ ಶಿವಲಿಂಗವ್ವನ ಸುತ್ತ ಕೂತು ನಗುತ್ತಿದ್ದರು. ಬಾಯಿ ಬೇರೆ ಬೇರೆ, ನಗು ಒಂದೇ. ಅವಳು ತಾಟು ತೊಳೆದಿಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಮ್ಮೆ ಆಟೋದವನು ಅವಳಿಗೆ ಕೈಮುಗಿದು, "ನೀವು ಅವ್ವಾರಿಗೆ ಏನಾಗಬೇಕ್ರಿ?" ಎಂದು ಕೇಳಿದ.

ಆಮೇಲೆ ಹಸಿವು ಹೋಯಿತು. ಆಮೇಲೆ ನಿದ್ದೆ. ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ನಳ ಸುರಿಯುವುದು ಕೇಳಿತು. ಎದ್ದು ಹೋಗಿ ನಿಲ್ಲಿಸಿ ಬಂದು ಮತ್ತೆ ಮಲಗಿದಳು. ಮೈ ಕಲಿತದ್ದನ್ನು ಮೈ ಮಾಡಿತು, ಅದರಿಂದ ಏನೂ ತಿರುಗಲಿಲ್ಲ.

ಶಿವಲಿಂಗವ್ವ ಆ ಭಾನುವಾರ ಒಲೆ ಹಚ್ಚಲಿಲ್ಲ. ಬಂದವರನ್ನು ಬಾಗಿಲಿಂದಲೇ ಕಳಿಸಿದಳು. ಮರುದಿನ ಜೀವಮಾನದಲ್ಲೇ ಮೊದಲ ಸಲ ಆ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಡಾಕ್ಟರ ಮೇಜಿನ ಮುಂದೆ ನಿಂತಳು.

"ನೀವನ ದೊಡ್ಡ ಡಾಕ್ಟರು?"

"ಹೌದ್ರಿ, ಕೂಡ್ರಿ."

"ಕೂಡಾಕ ಬಂದಿಲ್ಲ. ನನ್ನ ಮಗನ್ನ ಊರಿಗೆಲ್ಲಾ ಹಂಚೀರಿ. ನಾನೂ ಆಸೆಬುರುಕಿ, ಬಂದದ್ದನ್ನೆಲ್ಲ ಸೆರಗೊಡ್ಡಿ ಇಸಗೊಂಡೆ. ಸೊಸಿಗೊಂದು ಚೂರು ಉಳಸಬೇಕು ಅಂತ ನಿಮಗೂ ಅನಸಲಿಲ್ಲ, ನನಗೂ ಅನಸಲಿಲ್ಲ. ಈಗ ಅಕಿಗೆ ತಿರುಗಿ ಕೊಡ್ರಿ."

"ಅಮ್ಮಾ, ಕೊಟ್ಟದ್ದು ಹಂಗ ತಿರುಗಿ ಬರೂದಿಲ್ಲ. ಹೋದ ನೆನಪಿಗೆ ಅವರವರ ಮನಸ್ಸು ತನ್ನ ಬಟ್ಟಿ ತೊಡಸಿರ್ತದ."

"ಯಾವ ಬಟ್ಟಿ ಇದ್ರೂ ಆಗತೈತಿ. ನನ್ನ ಮಗಗ ಎಲ್ಲಾ ಬಟ್ಟಿನೂ ಒಪ್ಪತಾವ."

ಅದೇ ವೇಳೆಗೆ ಹುಸೇನಬಿಯ ಹಿಂದೆ ಚಂದ್ರಕಲಾ ಬಂದು ನಿಂತಿದ್ದಳು. ಮೈ ತುಂಬಿಕೊಂಡಿತ್ತು. ಜೊತೆಗಾರ್ತಿಯಾಗುವ ತರಬೇತಿಗೆ ಸೇರಿ ಕೆಲವೇ ದಿನವಾಗಿತ್ತು.

"ಕಡೀಕ ಇಸಗೊಂಡಾಕಿ ನಾನು," ಅಂದಳು. "ನನ್ನ ಹತ್ತಿರ ಇನ್ನೂ ಬೆಚ್ಚಗೈತಿ. ನಾ ಕೂಡ್ತೀನಿ ಅಕ್ಕನ ಮಗ್ಗಲದಾಗ."

ಕಸ್ತೂರಿಯನ್ನು ಆಟೋದಲ್ಲಿ ಕರೆತಂದರು. ಅವಳು ಎಷ್ಟೋ ಜನರ ಪಕ್ಕದಲ್ಲಿ ಕೂತ ಮಂಚದ ಮೇಲೆ ಈಗ ಮಲಗಿದಳು. ಚಂದ್ರಕಲಾ ಅವಳ ಹಣೆಗೆ ಪಟ್ಟಿ ಕಟ್ಟಿ, ತನ್ನ ಹಣೆಗೂ ಕಟ್ಟಿಕೊಂಡಳು. ಡಾಕ್ಟರು ಯಂತ್ರದ ಗುಂಡಿಯ ಮೇಲೆ ಕೈಯಿಟ್ಟು ನಿಂತರು.

"ತಿರುವಿನಿಂದ ಶುರು ಮಾಡ್ಲೇನ್ರಿ ಮೇಡಂ?"

"ಬ್ಯಾಡ," ಡಾಕ್ಟರು ಹೇಳಿದರು. "ಹೊಸ್ತಿಲಿಂದನ ಬಾ."

ಸಂಜೆ ಬಂತು. ಅಂಗಳ ಬಂತು. ಆದರೆ ಅದು ಬೇರೆ ಅಂಗಳ. ಮೂಲೆಯಲ್ಲಿ ಕರಿಬೇವಿನ ಗಿಡ, ಗೋಡೆಗೆ ಒರಗಿಸಿದ ಕಬ್ಬಿನ ಜಲ್ಲೆ. ವೈರಿನ ಸುರುಳಿ ಹೊತ್ತು ಅವನು ಬಂದ. ಅವನಿಗೆ ಮುಖವಿತ್ತು. ಎಡಹುಬ್ಬಿನ ಮೇಲೆ ಒಂದು ಗಾಯದ ಕಲೆ. ಫೋಟೋದಲ್ಲಿ ಅದಿಲ್ಲ. ಕಸ್ತೂರಿ ಹೊಸ್ತಿಲ ಮೇಲೆ ನಿಂತು ನೀರಿನ ಚೊಂಬು ಚಾಚಿದಳು.

ಚಾಚಿದ ಕೈ ಅವಳದಲ್ಲ. ಮುಂಗೈ ತುಂಬ ಹಸಿರು ಬಳೆ, ಬಳೆಗಳಿಗಿಂತ ಮೇಲೆ ಚರ್ಮದಲ್ಲಿ ಚೇಳಿನ ಹಚ್ಚೆ. ಅವನು ಆ ಕೈಯನ್ನೇ ಹಿಡಿದ, ಚೊಂಬು ಬಿಟ್ಟು.

"ಚಂದ್ರೀ," ಅಂದ, ನಕ್ಕ.

ಮಂಚದ ಮೇಲೆ ಕಸ್ತೂರಿಯ ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರಿಳಿದು ಕಿವಿಗೆ ಹೋಯಿತು. ಯಂತ್ರದ ಪರದೆಯ ಮೇಲೆ ಗೆರೆಗಳು ನೆಟ್ಟಗೆ ಎದ್ದವು. ಡಾಕ್ಟರು ಬಗ್ಗಿ ಅವಳ ಭುಜ ಮುಟ್ಟಿದರು.

"ಕಸ್ತೂರಿ, ನಿಮ್ಮದಲ್ಲದ್ದು ಕಾಣಾಕತ್ತದ ಹೌದಲ್ಲೋ? ನಿಲ್ಲಸ್ತೀನಿ."

ಕಸ್ತೂರಿ ಕಣ್ಣು ತೆರೆಯದೆ ಕೈ ಎತ್ತಿ ಅವರ ಮಣಿಕಟ್ಟು ಹಿಡಿದಳು. ಬಿಗಿಯಾಗಿ ಹಿಡಿದಳು.

"ತಡೀರಿ," ಅಂದಳು. "ಈಗಷ್ಟ ಬಂದಾರ."